ಎರಡು ಎಟಿವಿ, ಒಂದು ಟ್ರೇಲರ್, ಏಳು ಶನಿವಾರ

ಈತ ಟ್ರೇಲರ್ ಕೊಳ್ಳಲು ಬರುತ್ತಿಲ್ಲ ಎಂಬುದು ಟ್ರೇಲರ್ ಅಂಗಡಿಯ ಯಜಮಾನರಿಗೆ ಮೂರನೆಯ ಶನಿವಾರವೇ ಖಾತ್ರಿಯಾಯಿತು.

ಕೊಳ್ಳುವವನು ಒಂದು ಸಲ ಬರುತ್ತಾನೆ, ಚಕ್ರಕ್ಕೊಂದು ಒದೆ ಕೊಡುತ್ತಾನೆ, ದರ ಕೇಳಿ ಮುಖ ಸಿಂಡರಿಸುತ್ತಾನೆ, ಮರುದಿನ ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ. ಮೂವತ್ತು ದಾಟಿದ ಈ ಮೀಸೆಯವನು ಹಾಗಲ್ಲ. ಬರುವುದು ಒಬ್ಬನೇ. ತನ್ನ ಬಳಿ ಎರಡು ಎಟಿವಿ ಇವೆಯಂತೆ. ಗುಡ್ಡ, ಮರಳು ಎನ್ನದೆ ಹತ್ತುವ ಆ ನಾಲ್ಕು ಚಕ್ರದ ಬೈಕುಗಳನ್ನು ಸಾಗಿಸಲು ಸರಿಯಾದ ಟ್ರೇಲರ್ ಬೇಕಂತೆ. ಹಾಗಾದರೆ ಗಾಡಿಗಳನ್ನು ತಂದು ತೋರಿಸಪ್ಪ ಎಂದರೆ ಮುಂದಿನ ವಾರ ಎನ್ನುತ್ತಾನೆ. ದರವನ್ನಂತೂ ಕೇಳುವುದೇ ಇಲ್ಲ. ಪ್ರತಿ ಪ್ರಶ್ನೆಗೂ ಮೊದಲು ಆಫೀಸಿನ ಗಾಜಿನತ್ತ ಒಮ್ಮೆ ಕಣ್ಣು ಹಾಯಿಸುತ್ತಾನೆ.

ಗಾಜಿನ ಹಿಂದೆ ಕೂರುವವಳು ಯಜಮಾನರ ಒಬ್ಬಳೇ ಮಗಳು.

ಓಹೋ, ವಿಷಯ ಇದು ಎಂದುಕೊಂಡು, ಆಸಾಮಿಯನ್ನು ಗೇಟಿನಾಚೆ ಅಟ್ಟಲೆಂದೇ ಯಜಮಾನರು ಕುರ್ಚಿ ಬಿಟ್ಟೆದ್ದರು. ಅಷ್ಟರಲ್ಲಿ ಅವನು ಕೇಳಿದ: ಚಿಕ್ಕ ಟ್ರೇಲರನ್ನು ರಿವರ್ಸ್ ತೆಗೆದುಕೊಳ್ಳುವುದು ದೊಡ್ಡದಕ್ಕಿಂತ ಕಷ್ಟವಂತೆ, ಯಾಕೆ?

ಮೂವತ್ತೆಂಟು ವರ್ಷದಲ್ಲಿ ಯಾವ ಗಿರಾಕಿಯೂ ಇದನ್ನು ಕೇಳಿರಲಿಲ್ಲ. ಯಜಮಾನರು ಕರಗಿಹೋದರು. ಗಿಡ್ಡ ಟ್ರೇಲರ್ ಸ್ಟಿಯರಿಂಗ್ ಮುಟ್ಟಿದರೆ ಸಾಕು ತಿರುಗಿಬಿಡುತ್ತದೆ, ಉದ್ದದ್ದು ಯೋಚಿಸಲು ಸಮಯ ಕೊಡುತ್ತದೆ ಎಂದು ಎರಡು ಕಡ್ಡಿ ಹಿಡಿದು ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಅಟ್ಟುವ ವಿಷಯ ಮರೆತೇಹೋಯಿತು.

ಕರಗಲು ಕಾರಣವೂ ಇತ್ತು. ಅವರ ಎರಡೂ ಮಂಡಿ ಕೈಕೊಟ್ಟಿದ್ದವು. ವರ್ಷದ ಕೊನೆಗೆ ಅಂಗಡಿಯನ್ನು ಯಾರಿಗಾದರೂ ವಹಿಸಬೇಕು, ಇಲ್ಲವೇ ಬಾಗಿಲು ಹಾಕಬೇಕು. ನನಗೆ ಕೊಡಿ, ನಡೆಸ್ತೀನಿ ಎಂದು ಮಗಳು ಮೂರು ವರ್ಷದಿಂದ ದುಂಬಾಲು ಬಿದ್ದಿದ್ದಳು. ಫೋನು ಎತ್ತು, ಕಾಗದಪತ್ರ ನೋಡಿಕೋ, ಅಷ್ಟು ಸಾಕು ಎಂದು ಇವರು ಆಫೀಸಿನಲ್ಲೇ ಕೂರಿಸಿದ್ದರು. ಟ್ರೇಲರಿಗೆ ಗಾಡಿ ಹತ್ತಿಸುವ ರ‍್ಯಾಂಪ್ ಯಾಕೆ ಇಷ್ಟು ಉದ್ದ ಎಂದು ಅವಳು ಒಮ್ಮೆ ಕೇಳಿದ್ದಳು.

"ನಿನಗ್ಯಾಕಮ್ಮ ಅದೆಲ್ಲ? ಗಂಡಸರ ಕೆಲಸ," ಎಂದಿದ್ದರು.

ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಬುದ್ಧಿ ಬಂತು, ಸದ್ಯ, ಎಂದು ಯಜಮಾನರು ನಿಟ್ಟುಸಿರು ಬಿಟ್ಟಿದ್ದರು.

ನಾಲ್ಕನೆಯ ಶನಿವಾರ ಮೀಸೆಯವನೂ ಅದನ್ನೇ ಕೇಳಿದ. ಯಜಮಾನರು ಒಂದು ಗಂಟೆ ಹೇಳಿದರು. ರ‍್ಯಾಂಪ್ ಗಿಡ್ಡವಾದರೆ ಏರು ಕಡಿದಾಗುತ್ತದೆ, ಎಟಿವಿ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಸವಾರನ ಎದೆಯ ಮೇಲೇ ಕೂರುತ್ತದೆ. ಐದನೆಯ ವಾರ ತೂಕದ ಪಾಠ. ಟ್ರೇಲರಿನ ಮೇಲೆ ಬರೆದ ಒಟ್ಟು ತೂಕ ನಂಬಿ ಮೋಸಹೋಗಬೇಡ, ಅದರಲ್ಲಿ ಟ್ರೇಲರಿನ ಸ್ವಂತ ತೂಕ ಕಳೆದರೆ ಉಳಿದದ್ದಷ್ಟೇ ನಿನ್ನ ಪಾಲು. ಅದಕ್ಕೂ ಮೊದಲು ಎಳೆಯುವ ಗಾಡಿ ಯಾವುದೆಂದು ಕೇಳು. ಆರನೆಯ ವಾರ, ಯಾವ ಅಂಗಡಿಯವನೂ ಬಾಯಿ ಬಿಡದ ಗುಟ್ಟು.

"ಎರಡು ಎಟಿವಿ ಅಂತ ಬಂದವನಿಗೆ ಮೂರು ಹಿಡಿಸೋ ಟ್ರೇಲರ್ ತೋರಿಸ್ಬೇಕು. ವರ್ಷದೊಳಗೆ ಅವನ ಭಾಮೈದ ಒಂದು ತಗೊಂಡೇ ತಗೋತಾನೆ."

ಮೀಸೆಯವನು ಎಲ್ಲವನ್ನೂ ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. ಅಲ್ಲೇ ಏನಾದರೂ ತಿರುಗಿ ಕೇಳಿದರೆ ತಡವರಿಸುತ್ತಿದ್ದ. ಆದರೆ ಮುಂದಿನ ವಾರ ಅದರ ಬೇರಿಗೇ ಕೈ ಹಾಕುವ ಪ್ರಶ್ನೆ ತರುತ್ತಿದ್ದ. ವಾರವಿಡೀ ಕೂತು ಯೋಚಿಸುವವನಿವನು ಎಂದು ಯಜಮಾನರಿಗೆ ಮೆಚ್ಚುಗೆ. ಕೈ ಮಾತ್ರ ಮೊದ್ದು. ಎಟಿವಿಯ ನಾಲ್ಕು ಮೂಲೆಗೆ ಪಟ್ಟಿ ಬಿಗಿಯುವುದನ್ನು ಮೂರು ಸಲ ತೋರಿಸಿದರೂ ಗಂಟು ಹಾಕಿ ಕೂತ. ಪ್ರೀತಿಯಲ್ಲಿ ಬಿದ್ದವನ ಕೈ ಹೀಗೇ ಎಂದು ಯಜಮಾನರು ಅದನ್ನೂ ಮಾಫಿ ಮಾಡಿದರು.

ಮಗಳು ಚಹಾ ತಂದಿಡುತ್ತಿದ್ದಳು. ಲೋಟ ಇಟ್ಟ ಮೇಲೂ ಒಂದು ನಿಮಿಷ ಹೆಚ್ಚೇ ನಿಲ್ಲುತ್ತಿದ್ದಳು. ಅವಳೂ ಅವನೂ ಒಂದು ಮಾತೂ ಆಡುತ್ತಿರಲಿಲ್ಲ. ಎಂಥ ಮರ್ಯಾದಸ್ಥರು! ಯಜಮಾನರು ಬೇಕೆಂದೇ ಟೈರು ನೋಡುವ ನೆಪ ಮಾಡಿ ದೂರ ಹೋಗುತ್ತಿದ್ದರು, ಮತ್ತು ಬೆನ್ನು ತಿರುಗಿಸಿಕೊಂಡು ತಮ್ಮಷ್ಟಕ್ಕೇ ನಗುತ್ತಿದ್ದರು. ಅಂಗಡಿಗೊಬ್ಬ ಗಂಡಸು, ಮಗಳಿಗೊಬ್ಬ ಗಂಡ. ಒಂದೇ ಟ್ರೇಲರಿನಲ್ಲಿ ಎರಡೂ ಲೋಡು ಮನೆ ಸೇರುತ್ತಿವೆಯಲ್ಲ ಎಂದು ಅವರಿಗೆ ರಾತ್ರಿ ಒಳ್ಳೆಯ ನಿದ್ದೆ ಹತ್ತತೊಡಗಿತು.

ಏಳನೆಯ ಶನಿವಾರ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಮೀಸೆಯವನು ಕೊನೆಯ ಪ್ರಶ್ನೆ ಕೇಳಿದ: ಎಟಿವಿಗಳ ಭಾರ ಹಿಂದಕ್ಕೆ ಬಿದ್ದರೆ ಏನಾಗುತ್ತದೆ? ಟ್ರೇಲರ್ ಬಾಲ ಅಲ್ಲಾಡಿಸಿ, ಎಳೆಯುವ ಗಾಡಿಯನ್ನೇ ರಸ್ತೆಯಿಂದ ಎತ್ತಿಹಾಕುತ್ತದೆ, ಭಾರ ಯಾವತ್ತೂ ಚಕ್ರದ ಅಚ್ಚಿಗಿಂತ ತುಸು ಮುಂದಿರಬೇಕು ಎಂದರು ಯಜಮಾನರು. ಅವನು ಬರೆದುಕೊಂಡು ಡೈರಿ ಮುಚ್ಚಿದ.

"ಇನ್ನು ನನಗೆ ಗೊತ್ತಿರೋದು ಏನೂ ಉಳಿದಿಲ್ಲಪ್ಪ," ಎಂದು ಯಜಮಾನರು ಮಗಳನ್ನೂ ಕರೆದರು.  ಮೀಸೆಯವನ ಹೆಗಲ ಮೇಲೆ ಕೈಯಿಟ್ಟು ಹೇಳಿಯೇಬಿಟ್ಟರು: ಅಂಗಡಿ ನಿನ್ನದು, ಮಗಳನ್ನು ಚೆನ್ನಾಗಿ ನೋಡಿಕೋ.

ಮೀಸೆಯವನು ಎರಡು ಹೆಜ್ಜೆ ಹಿಂದೆ ಸರಿದ.

"ಅಯ್ಯೋ ಯಜಮಾನ್ರೇ, ನನಗೆ ಮದುವೆಯಾಗಿ ಎರಡು ಮಕ್ಕಳಿದ್ದಾರೆ. ನಾನು ಕೆಲಸದವನು. ಬೈಪಾಸ್ ರಸ್ತೆಯಲ್ಲಿ ಹೊಸ ಟ್ರೇಲರ್ ಅಂಗಡಿ ತೆರೀತಿದೆಯಲ್ಲ, ಅಲ್ಲಿ."

 ಮೂವತ್ತೆಂಟು ವರ್ಷದ ವಿದ್ಯೆಯನ್ನು ಚಹಾ ಕೊಟ್ಟು ಎದುರಾಳಿಗೆ ದಾನ ಮಾಡಿದ್ದರು. ಯಾವನದು ಆ ಅಂಗಡಿ, ಹೆಸರು ಹೇಳು ಎಂದು ಅಬ್ಬರಿಸಿದರು. ಅವನು ಮಗಳ ಮುಖ ನೋಡಿದ.

"ನನ್ನದಪ್ಪ," ಎಂದಳು ಮಗಳು. "ನಾನು ಕೇಳಿದ್ರೆ ನೀವು ಹೇಳ್ತಿರಲಿಲ್ಲ. ಅದಕ್ಕೆ ಕೇಳೋಕೆ ಅಂತಲೇ ಒಬ್ಬ ಗಂಡಸನ್ನ ಸಂಬಳ ಕೊಟ್ಟು ಇಟ್ಕೊಂಡೆ."