ತಾಯಮ್ಮನ ಎರಡು ಚೀಲ

ತಾಯಮ್ಮನ ಭತ್ತವನ್ನು ಕಂಪ್ಯೂಟರ್ ಆರನೇ ಸಲವೂ ಒಲ್ಲೆ ಎಂದಿತು. ‘ಸಿಂಟ್ಯಾಕ್ಸ್ ಎರರ್, ಅಲ್ಪವಿರಾಮದ ಹತ್ತಿರ’ ಎಂಬ ಅದೇ ಕೆಂಪು ಸಾಲು. ಹೊರಗೆ ಮಿಲ್ಲಿನ ಲಾರಿ ಹಾರನ್ ಹೊಡೆಯುತ್ತಿತ್ತು. ಚೀಟಿ ಬರದೆ ಚೀಲ ಹತ್ತಿಸುವಂತಿಲ್ಲ. ಮುಂದಿನ ಲಾರಿ ಹದಿನೈದು ದಿನಕ್ಕೆ. ಅಷ್ಟರಲ್ಲಿ ತಾಯಮ್ಮ ಕುರಿ ಹೊಡೆದುಕೊಂಡು ಊರು ಬಿಟ್ಟಿರುತ್ತಾಳೆ.

ಆನವಟ್ಟಿಯ ಆ ಗೋದಾಮಿನಲ್ಲಿ ಚೀಲ ಎಣಿಸುವವನು ಹುಚ್ಚರಾಯಪ್ಪ. ಎಣಿಸುತ್ತ ಅವನು ಕೊನೆಯಲ್ಲಿ ಕೂಗಿದ ಲೆಕ್ಕವನ್ನು ಮೊಬೈಲ್ ಕೇಳಿಸಿಕೊಂಡು ಒಳಗೆ ಕಳಿಸುತ್ತದೆ. ಗಂಗಾಶ್ರೀ ಈ ಸುಗ್ಗಿಗೆ ಹೊಸದಾಗಿ ಬರೆದ ಪ್ರೋಗ್ರಾಂ ಅದರಿಂದ ಅಂಕಿಯನ್ನಷ್ಟೇ ಆರಿಸಿ, ಹೆಸರು, ಊರಿನ ಜೊತೆ ‘ಇನ್ಸರ್ಟ್’ ಎಂಬ ಆಜ್ಞೆಯ ಸಾಲಾಗಿ ಹೆಣೆದು ದಾಖಲೆಗೆ ಸೇರಿಸುತ್ತದೆ. ಮೋಸ ಆಗದಿರಲೆಂದು, ಹುಚ್ಚರಾಯಪ್ಪನ ದನಿ ಬಿಟ್ಟು ಬೇರೆ ಯಾರ ಮಾತನ್ನೂ, ಕೈಯಿಂದ ಒತ್ತಿದ ಅಂಕಿಯನ್ನೂ ಒಪ್ಪದಂತೆ ಅವಳೇ ಬಿಗಿ ಮಾಡಿದ್ದಳು. ಬೆಳಿಗ್ಗೆಯಿಂದ ಇಪ್ಪತ್ತು ಮೂವತ್ತು ಚೀಲದವರದೆಲ್ಲ ಸಲೀಸಾಗಿ ಹೋಗಿತ್ತು. ಒಂದೇ ಚೀಲದ ತಾಯಮ್ಮನ ಮೇಲೆ ಅದಕ್ಕೇನು ಸಿಟ್ಟೋ!

ಗಂಗಾಶ್ರೀ ಅಲ್ಪವಿರಾಮ ತೆಗೆದಳು, ಮತ್ತೆ ಹಾಕಿದಳು. ಕೊನೆಗೆ ಹೆಣೆದ ಸಾಲನ್ನೇ ಪರದೆಗೆ ತರಿಸಿ ನೋಡಿದರೆ, ಹೆಸರಿದೆ, ಊರಿದೆ, ಚೀಲದ ಲೆಕ್ಕ ಇರಬೇಕಾದ ಜಾಗ ಖಾಲಿ. ತಲೆಕೆಟ್ಟು ಹೊರಗೆ ಬಂದಳು.

“ಎಷ್ಟು ಚೀಲ ಅಂತ ಕೂಗಿದ್ರಿ, ಹುಚ್ಚರಾಯಪ್ಪೋರೇ?”

“ಲಾಭ.”

“ಲಾಭ ಅಲ್ರೀ, ಎಷ್ಟು?”

“ಅದನ್ನೇ ಹೇಳ್ತಿದೀನಲ್ಲವ್ವಾ. ಮೊದಲ್ನೇದು ಲಾಭ, ಆಮೇಲೆ ಎರಡು, ಮೂರು. ನಮ್ಮಪ್ಪನ ಕಾಲದಿಂದ ರಾಶಿ ಎಣಿಸೋದೇ ಹಿಂಗೆ.”

“ಇವತ್ತೊಂದಿನ ಒಂದು ಅನ್ರೀ, ಕೈ ಮುಗೀತೀನಿ.”

“ಧಾನ್ಯದ ಮುಂದೆ ಆ ಮಾತು ನನ್ನ ಬಾಯಲ್ಲಿ ಬರಲ್ಲ. ನಿನ್ನ ಮಿಷಿನ್‌ಗೇ ಕಲಿಸು.”

“ಅದಕ್ಕೆ ಅರ್ಧ ಗಂಟೆ ಬೇಕು!”

ಡ್ರೈವರ್ ಲಾರಿ ಸ್ಟಾರ್ಟ್ ಮಾಡಿಯೇಬಿಟ್ಟ. ತಾಯಮ್ಮ ಮೂಲೆಯಲ್ಲಿದ್ದ ಖಾಲಿ ಚೀಲವೊಂದನ್ನು ಎಳೆದುಕೊಂಡು, ತನ್ನ ಭತ್ತದಲ್ಲಿ ಅರ್ಧ ಅದಕ್ಕೆ ಸುರಿದಳು.

“ತೂಕ ಅಷ್ಟೇ ತಾನೆ! ಈಗ ಕೂಗಣ್ಣಾ.”

“ಲಾಭ... ಎರಡು!”

ಒಳಗೆ ಚೀಟಿ ಸರಕ್ಕನೆ ಹೊರಬಿತ್ತು. ಎರಡು ಅರೆಚೀಲಗಳು ಲಾರಿ ಹತ್ತಿದವು. ಗಂಗಾಶ್ರೀಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು.

“ಇವತ್ತೇ ಸರಿಮಾಡ್ತೀನಮ್ಮಾ. ಮುಂದಿನ ಸಲ ಒಂದೇ ಚೀಲ ತಂದ್ರೂ ತಗೊಳ್ಳತ್ತೆ.”

ತಾಯಮ್ಮ ಚೀಟಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು.

“ಬ್ಯಾಡ ತಂಗಿ, ಹಂಗೇ ಇರ್ಲಿ. ಹನ್ನೊಂದು ವರ್ಷದಿಂದ ಬರ್ತಿದೀನಿ. ನನ್ನ ಹೆಸರಿನ ಮುಂದೆ ಎರಡು ಅಂತ ಬಂದಿದ್ದು ಇವತ್ತೇ.”