ಬಾಳಪ್ಪನ ಬೆರಳು

ಸತ್ತವರು ಮುಂದಿನ ಚುನಾವಣೆಗೆ ಒಮ್ಮೆ ಎದ್ದು ಬಂದು ಮತ ಹಾಕಿ ಹೋಗುತ್ತಿದ್ದರು. ಅವರಿಗೆ ಮಾತಿರಲಿಲ್ಲ, ಮನೆಯವರೇ ಬೆರಳು ಹಿಡಿದು ಮತಯಂತ್ರದ ಗುಂಡಿ ಒತ್ತಿಸಬೇಕು. ಪಕ್ಷದ ಶಾಲು ಹೊದ್ದ ಗಂಗವ್ವ ಬೆಳಗಿನಿಂದ ಮತಗಟ್ಟೆಯ ಹೊರಗೆ ಅಂಥವರಿಗೆ ಕುರ್ಚಿ ಹಾಕುತ್ತಿದ್ದಳು. ಅವಳ ಅಣ್ಣ ಬಾಳಪ್ಪ ಅದೇ ಪಕ್ಷದ ಅಭ್ಯರ್ಥಿಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಸತ್ತಿದ್ದ. ತನಿಖೆ ಮಾಡಿಸುತ್ತೇವೆಂದು ಪಕ್ಷದವರು ಮಾತು ಕೊಟ್ಟಿದ್ದಕ್ಕೇ ಈ ಶಾಲು.

ಮಧ್ಯಾಹ್ನ ಬಾಳಪ್ಪ ಬಂದ, ಬೆಂದ ಕೈಯೊಂದಿಗೆ.

"ನಮಗ ಒತ್ತಸವ್ವಾ. ಅವ ಏನ್ ಒಲ್ಲೆ ಅಂತಾನೇನ? ತನಿಖಿ ಕೇಳಾಕೂ ಬಾಯಿಲ್ಲ ಅವಗ!" ಎಂದು ಪಕ್ಷದ ಮುಖಂಡ ಚನ್ನಬಸು ನಕ್ಕ.

ಗಂಗವ್ವ ಶಾಲನ್ನು ಅವನ ಮುಖಕ್ಕೆ ಎಸೆದಳು. "ನನಗ ಐತೋ ಬಾಯಿ!"

ಒಳಗೆ ಅಣ್ಣನ ಬೆರಳನ್ನು ಎದುರು ಪಕ್ಷದ ಗುಂಡಿಯ ಮೇಲಿಟ್ಟಳು. ಸತ್ತ ಬೆರಳು ಅವಳಿಗಿಂತ ಜೋರಾಗಿ ಒತ್ತಿತು.