ಎಂಟನೆಯ ಪಾಠ

ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಕರ್ನಲ್ ಸಾಹೇಬರ ಮೇಜಿನ ಮೇಲಿದ್ದ ಮರದ ಪೆಟ್ಟಿಗೆ ಗುರ್ರ್ ಎಂದಿತು. ಅದರೊಳಗೆ ಮೂವತ್ತು ಅಧಿಕಾರಿಗಳ ಮೂವತ್ತು ಫೋನುಗಳಿದ್ದವು. ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ನಾಲ್ಕನೆಯ ಪ್ರಶ್ನೆಯಲ್ಲಿ ಮುಳುಗಿದ್ದರು: ನೂರಿಪ್ಪತ್ತು ಸೈನಿಕರ ತುಕಡಿ ನಾಲ್ಕು ಗಂಟೆಯೊಳಗೆ ಕಂದಕ ತೋಡಬೇಕಾದರೆ ಎಷ್ಟು ಸಲಿಕೆ, ಎಷ್ಟು ಗುದ್ದಲಿ ಬೇಕು?

ಕೊನೆಯ ಸಾಲಿನಲ್ಲಿದ್ದ ಪೈಲಟ್ ಹದಿನೇಳು ವರ್ಷದಿಂದ ಹೆಲಿಕಾಪ್ಟರ್ ಹಾರಿಸುತ್ತಿದ್ದವನು. ನೀರಿನಲ್ಲಿ, ಕಣಿವೆಯಲ್ಲಿ ಸಿಕ್ಕಿಕೊಂಡವರನ್ನು ಹಗ್ಗ ಇಳಿಸಿ ಮೇಲೆತ್ತುವುದೇ ಅವನ ಕಸುಬು. ಆದರೆ ಮೇಲಿನ ದರ್ಜೆಗೆ ಏರಬೇಕಾದರೆ ಹತ್ತು ವಾರದ ಈ ಕೋರ್ಸು ಪಾಸಾಗಲೇಬೇಕಿತ್ತು. ನೆಲದ ಸೈನ್ಯಕ್ಕೆಂದು ಯಾವ ಕಾಲದಲ್ಲೋ ಬರೆದ ಪಾಠವನ್ನೇ ಆಕಾಶದವರಿಗೂ ಬಡಿಸುತ್ತಿದ್ದರು. ಕಳೆದ ಪರೀಕ್ಷೆಯಲ್ಲಿ ಅವನು ಅಭ್ಯಾಸಬಲದಿಂದ ಕಾಲಾಳುಗಳ ನಡಿಗೆಯ ವೇಗದಲ್ಲಿ ಎದುರುಗಾಳಿಯನ್ನೂ ಕಳೆದು ಉತ್ತರ ಬರೆದಿದ್ದ. "ನಮ್ಮ ಹುಡುಗರು ನಡೀತಾರೆ ಸ್ವಾಮಿ, ಹಾರಲ್ಲ" ಎಂದು ಕರ್ನಲ್ ಕೆಂಪು ಶಾಯಿಯಲ್ಲಿ ಗೀಚಿದ್ದರು. ಇಡೀ ತರಗತಿ ನಕ್ಕಿತ್ತು, ಅವನೂ ನಕ್ಕಿದ್ದ.

ನಗು ಬಾರದ ಸಂಗತಿ ಬೇರೆಯಿತ್ತು. ಕೋರ್ಸಿನ ಆದೇಶ ಬಂದಾಗ ಅವನು ಗುಬ್ಬಿಗೆ ಕಲಿಸುತ್ತಿದ್ದ. ದಳದವರೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದ ಆ ಕಿರಿಯ ಪೈಲಟ್‌ಗೆ ಎಂಟು ಪಾಠಗಳಲ್ಲಿ ಏಳು ಮುಗಿದಿದ್ದವು. ಎಂಟನೆಯದು ಎಲ್ಲಕ್ಕಿಂತ ಕಷ್ಟದ್ದು: ಬಂಡೆಗೋಡೆಯ ಪಕ್ಕದಲ್ಲಿ, ಗಾಳಿ ಹಿಂದಿನಿಂದ ತಳ್ಳುವಾಗ, ಹೆಲಿಕಾಪ್ಟರನ್ನು ಗಾಳಿಯಲ್ಲಿ ಅಲುಗದಂತೆ ನಿಲ್ಲಿಸುವುದು. ಹತ್ತು ದಿನ ತಡವಾಗಿ ಕಳಿಸಿ, ಅದೊಂದನ್ನು ಮುಗಿಸಿಬಿಡುತ್ತೇನೆ ಎಂದು ಅವನು ಮೂರು ಅರ್ಜಿ ಬರೆದ. ಮೂರಕ್ಕೂ ಒಂದೇ ಉತ್ತರ ಬಂತು: ಕೋರ್ಸು ಮುಂದೂಡುವಂತಿಲ್ಲ.

ಪೆಟ್ಟಿಗೆ ಮೂರನೆಯ ಸಲ ಗುರ್ರ್ ಎಂದಾಗ ಕರ್ನಲ್ ಮುಚ್ಚಳ ತೆಗೆದು ಇಣುಕಿದರು.

"ಇದ್ಯಾರ್ದು ರೀ? ಗುಬ್ಬಿ ಅಂತ ಬರ್ತಿದೆ."

ಪೈಲಟ್ ಎದ್ದು ನಿಂತ. "ನಂದು ಸರ್. ಮಾತಾಡಲೇಬೇಕು."

"ಈಗ ಆಚೆ ಹೋದ್ರೆ ಪೇಪರು ಸೊನ್ನೆ, ಕೋರ್ಸು ಫೇಲು. ಮುಂದಿನ ವರ್ಷ ಮತ್ತೆ ಮೊದಲಿಂದ ಹತ್ತು ವಾರ. ಗೊತ್ತಲ್ವಾ?"

"ಗೊತ್ತು ಸರ್. ಅವಳು ಸುಮ್ ಸುಮ್ನೆ ಫೋನ್ ಮಾಡೋಳಲ್ಲ."

ಕರ್ನಲ್ ಗಡಿಯಾರ ನೋಡಿದರು, ಅವನ ಮುಖ ನೋಡಿದರು. ಅವರೇನೂ ಕೆಟ್ಟ ಮನುಷ್ಯರಲ್ಲ; ನಿಯಮ ಬರೆದವರೂ ಅವರಲ್ಲ. ಒಂದು ಕೈಯಲ್ಲಿ ಫೋನು ಕೊಟ್ಟು ಇನ್ನೊಂದು ಕೈಯಲ್ಲಿ ಉತ್ತರಪತ್ರಿಕೆ ಇಸಿದುಕೊಂಡರು. ಅವನು ಹೊರಗಿನ ಮೊಗಸಾಲೆಗೆ ಬಂದು ಫೋನು ಕಿವಿಗಿಟ್ಟ.

"ಸರ್, ಕಣಿವೇಲಿ ಐದು ಜನ ಸಿಕ್ಕಿಹಾಕ್ಕೊಂಡಿದಾರೆ, ಸೇತುವೆ ಕೆಲಸದೋರು" ಎಂದಳು ಗುಬ್ಬಿ. ಅವಳ ಹಿಂದೆ ಎಂಜಿನ್ ಮೊರೆಯುತ್ತಿತ್ತು. "ನೀರು ಏರ್ತಾನೇ ಇದೆ. ಪಕ್ಕದಲ್ಲೇ ಬಂಡೆ, ಗಾಳಿ ಹಿಂದಿನಿಂದ. ಇಲ್ಲಿ ಬೇರೆ ಪೈಲಟ್ ಯಾರೂ ಇಲ್ಲ, ನಾನೇ ಹೊರಟಿದೀನಿ. ಐದು ನಿಮಿಷ ಇದೆ. ಎಂಟನೇದು ಹೇಳ್ಕೊಡಿ."

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ. ಅವನಿಗೆ ಸಿಟ್ಟೂ ಭಯವೂ ಒಟ್ಟಿಗೇ ಉಕ್ಕಿ ಬಂದವು. ದನಿ ಮಾತ್ರ ನಡುಗಲಿಲ್ಲ. ಓಣಿಯಂಥ ಆ ಮೊಗಸಾಲೆಯಲ್ಲಿ ಕಣ್ಣು ಮುಚ್ಚಿ ನಿಂತು, ಅಲ್ಲಿ ಇಲ್ಲದ ಹೆಲಿಕಾಪ್ಟರಿನ ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಕೂದಲೆಳೆಯಷ್ಟೇ ಎತ್ತುತ್ತ ಇಳಿಸುತ್ತ ಹೇಳತೊಡಗಿದ. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಬಕೆಟ್ಟು ಪಕ್ಕಕ್ಕಿಟ್ಟು ನೋಡುತ್ತ ನಿಂತಳು.

"ನೀರು ನೋಡ್ಬೇಡ. ನೀರು ಹರಿಯುತ್ತೆ, ನೀನೇ ಜಾರ್ತಿದೀಯ ಅನ್ಸುತ್ತೆ. ಬಂಡೆ ಮೇಲೆ ಒಂದು ಗುರುತು ಹಿಡ್ಕೋ, ಅದನ್ನ ಬಿಡ್ಬೇಡ. ಬಾಲ ತಿರುಗೋಕೆ ಶುರುವಾದ್ರೆ ಹಟ ಮಾಡ್ಬೇಡ, ತಕ್ಷಣ ಬಿಟ್ಟು ಆಚೆ ಬಾ."

"ಕೆಳಗೆ ಜನ ಉಳಿದಿದ್ರೆ?"

"ಉಳಿದಿದ್ರೂ. ನಿನ್ನ ಹಿಂದೆ ಕೂತಿರೋರೂ ಜನಾನೇ ಅಲ್ವಾ? ಇನ್ನೊಂದು ಮಾತು. ಕೆಳಗಿರೋರ ಮುಖ ನೋಡ್ಬೇಡ. ನೋಡಿದ್ರೆ ಬಿಟ್ಟು ಬರೋಕಾಗಲ್ಲ."

"ಸರಿ ಸರ್."

"ಕಂಟ್ರೋಲ್ ನಿನ್ನದು" ಎಂದ. ಜೊತೆಯಲ್ಲಿ ಹಾರುವಾಗ ಹಿಡಿಯನ್ನು ಅವಳ ಕೈಗೆ ಬಿಟ್ಟುಕೊಡುತ್ತ ದಿನಾ ಹೇಳುತ್ತಿದ್ದ ಮಾತು ಅದು.

"ಕಂಟ್ರೋಲ್ ನನ್ನದು ಸರ್."

ಅವನು ಹೊರಗಿನ ಬೆಂಚಿನ ಮೇಲೆ ಕುಳಿತ. ಪರೀಕ್ಷೆ ಮುಗಿಯಿತು. ಮೂವತ್ತಾರು ಸಲಿಕೆಯೋ ನಲವತ್ತೋ ಎಂದು ಜಗಳವಾಡುತ್ತ ಉಳಿದವರೆಲ್ಲ ಊಟಕ್ಕೆ ಹೋದರು. ಕರ್ನಲ್ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತರು.

"ಸೊನ್ನೆ ಹಾಕ್ಲೇಬೇಕಾಯ್ತು ಕಣ್ರೀ."

"ಇರ್ಲಿ ಬಿಡಿ ಸರ್."

"ಸುದ್ದಿ ಏನಾದ್ರೂ ಬಂತಾ?"

ಅವನು ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಫೋನು ಬಂತು.

"ಇಳಿದೆ ಸರ್" ಎಂದಳು ಗುಬ್ಬಿ. "ನಾಲ್ಕು ಜನ ಬಂದ್ರು."

"ಐದನೆಯವರು?"

"ನಾಲ್ಕು ಸಲ ನಿಂತೆ ಸರ್, ಅಲ್ಲಾಡ್ಲಿಲ್ಲ. ಐದನೇ ಸಲ ಬಾಲ ತಿರುಗ್ತು. ನೀವು ಹೇಳಿದ ಹಾಗೇ ಬಿಟ್ಟು ಆಚೆ ಬಂದೆ. ಸುತ್ತು ಹಾಕಿ ಮತ್ತೆ ಹೋಗೋಷ್ಟರಲ್ಲಿ ಅವರು ನಿಂತಿದ್ದ ಜಾಗದ ಮೇಲೆ ನೀರು ಹರೀತಿತ್ತು."

ಆ ಹತ್ತು ದಿನ ಕೊಟ್ಟಿದ್ದರೆ, ಎಂದುಕೊಂಡ ಅವನು. ಪಕ್ಕದಲ್ಲಿದ್ದ ಕರ್ನಲ್ ತಮ್ಮ ತೊಡೆಯ ಮೇಲಿನ ಕಟ್ಟನ್ನೇ ನೋಡುತ್ತಿದ್ದರು.

"ಸರಿಯಾಗೇ ಮಾಡಿದೀಯ ಗುಬ್ಬಿ" ಎಂದ.

ಆ ಕಡೆ ಎಂಜಿನ್ ಸದ್ದು ಪೂರ್ತಿ ಅಡಗಿತು.

"ಒಂದು ತಪ್ಪು ಮಾಡ್ದೆ ಸರ್" ಎಂದಳು. "ಮುಖ ನೋಡಿಬಿಟ್ಟೆ."